ತುಕ್ಕು ಹಿಡಿದ ಹಳೆಯ ಮಸ್ಟಾಂಗ್: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಫೋರ್ಡ್ ಮಸ್ಟಾಂಗ್ ಮಾರುಕಟ್ಟೆಗೆ ಬಂದದ್ದು 1964ರ ಏಪ್ರಿಲ್ 17ರಂದು. ಈ ಕೈಪಿಡಿ 1965ರಿಂದ 1968ರವರೆಗಿನ ಮಾದರಿಗಳಿಗೆ. ಇವಕ್ಕೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ. ತಗಡನ್ನೇ ಮಡಚಿ ಪೆಟ್ಟಿಗೆಗಳನ್ನಾಗಿ ಮಾಡಿ, ಚುಕ್ಕೆ ಬೆಸುಗೆಯಿಂದ ಒಂದಕ್ಕೊಂದು ಜೋಡಿಸಿದ್ದಾರೆ. ಎಂಜಿನ್, ಸಸ್ಪೆನ್ಷನ್, ಬಾಗಿಲು, ಕೂತವರು, ಎಲ್ಲರ ಭಾರವನ್ನೂ ಆ ಪೆಟ್ಟಿಗೆಗಳೇ ಹೊರುತ್ತವೆ. ಪೆಟ್ಟಿಗೆ ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗಿನ ತಗಡು ಹಪ್ಪಳವಾಗಿರುತ್ತದೆ.

ಆದ್ದರಿಂದ ಕೆಲಸದ ಸರದಿ ಹೀಗಿರಲಿ: ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಬೇಕು, ಆಮೇಲೆ ಭಾರ ಹೊರುವ ಭಾಗ ಗಟ್ಟಿ ಮಾಡಬೇಕು, ಅಂದದ ಮಾತು ಕೊನೆಗೆ. ಹೊಸ ಮಡ್‌ಗಾರ್ಡು, ಹೊಳೆಯುವ ಬಂಪರು ಮೊದಲು ಕೊಂಡು ತಂದಿಟ್ಟು, ಕೆಳಗಿನ ರೈಲ್ (ಕಾರಿನ ಉದ್ದಕ್ಕೆ ಸಾಗುವ ಪೆಟ್ಟಿಗೆಯಂಥ ತಗಡಿನ ತೊಲೆ) ಪುಡಿಯಾಗಿದೆ ಎಂದು ಆಮೇಲೆ ತಿಳಿದು ಅರ್ಧಕ್ಕೇ ನಿಂತ ಕಾರುಗಳು ಎಷ್ಟೋ.

ಕಾರು ಎಲ್ಲಿ ಓಡಿತ್ತು ಎಂದು ಕೇಳುವುದು ಪುಕ್ಕಟೆ ಪರೀಕ್ಷೆ. ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಲಿಯ ಕಾರು ಕೆಳಗಿನಿಂದ ಕೊಳೆಯುತ್ತದೆ. ಅರಿಜೋನಾದಂಥ ಒಣ ರಾಜ್ಯದ ಕಾರಿನ ಹೊಟ್ಟೆ ಚೆನ್ನಾಗಿದ್ದೀತು, ಆದರೆ ಬಿಸಿಲಿಗೆ ಗಾಜಿನ ರಬ್ಬರು ಸೀಳಿ ಮೇಲಿನಿಂದ ನೀರು ಇಳಿದಿರುತ್ತದೆ. "ಒಣ ಊರಿನ ಗಾಡಿ" ಎಂಬ ಮಾತು ನಂಬಿ ತಪಾಸಣೆ ಬಿಡಬೇಡಿ. ಮಂಗಳೂರು, ಕಾರವಾರದ ಕಡಲಗಾಳಿಯಲ್ಲಿ ನಿಂತ ಪದ್ಮಿನಿಗೋ ಕಾಂಟೆಸ್ಸಾಗೋ ಇಲ್ಲಿಯ ಕ್ರಮ ಬಹುಮಟ್ಟಿಗೆ ಹೊಂದುತ್ತದೆ, ಅವುಗಳ ಮೈಯೂ ಚಾಸಿ ಇಲ್ಲದ ಇದೇ ಜಾತಿಯದು.

ಬೇಕಾದ ಸಾಮಾನು: ಒಳ್ಳೆಯ ಟಾರ್ಚು, ಸಣ್ಣ ಸುತ್ತಿಗೆ, ಮೊಂಡು ಸ್ಕ್ರೂಡ್ರೈವರ್, ಫ್ರಿಜ್ಜಿಗೆ ಅಂಟಿಸುವ ತೆಳು ಮ್ಯಾಗ್ನೆಟ್, ಟೇಪು, ಗಾರೆಯವರ ತೂಕದ ಗುಂಡು, ಸೀಮೆಸುಣ್ಣ, ಒಂದು ಬಕೆಟ್ ನೀರು. ಮುಂದೆ ಎಡ, ಬಲ ಎಂದರೆ ಸೀಟಿನಲ್ಲಿ ಕೂತವರ ಎಡ, ಬಲ. ಡ್ರೈವರು ಕೂರುವುದು ಎಡಗಡೆ.

ಕೆಳಗೆ ನುಗ್ಗುವ ಮುಂಚೆ: ತುಕ್ಕು ಹಿಡಿದ ರೈಲಿಗೆ ಜ್ಯಾಕಿ ಕೊಟ್ಟರೆ ಅದು ರೈಲನ್ನೇ ಸೀಳಿ ಒಳಗೆ ಹೋಗಬಹುದು. ಹಿಂದೆ ಆಕ್ಸೆಲ್ಲಿನ ಕೆಳಗೆ, ಮುಂದೆ ಕೆಳಗಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಮೈಗೆ ಜೋಡಿಸುವ ತೋಳು) ಕೆಳಗೆ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಕಡ್ಡಾಯ, ಮೇಲೆ ನೋಡುತ್ತ ಕುಟ್ಟುವಾಗ ತುಕ್ಕಿನ ಚೂರು ನೇರ ಕಣ್ಣಿಗೇ ಬೀಳುತ್ತದೆ.

## ಮಳೆ ಬಂದರೆ ಕಾಲ ಕೆಳಗಿನ ಕಾರ್ಪೆಟ್ ಒದ್ದೆ

ಮೊದಲು ಆ ನೀರನ್ನು ಬೆರಳಿಗೆ ಹಚ್ಚಿ ನೋಡಿ. ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ, ಮುಂಗಾಜಿನ ಒಳಮೈಗೆ ಎಣ್ಣೆಯಂಥ ಮಬ್ಬು ಕೂತಿದ್ದರೆ ಅದು ಮಳೆನೀರಲ್ಲ, ಹೀಟರ್ ಒಳಗಿನಿಂದ ಸೋರುವ ಕೂಲಂಟ್. ಅದು ವಿಷ, ನಾಯಿ ಬೆಕ್ಕು ನೆಕ್ಕದ ಹಾಗೆ ಒರೆಸಿಬಿಡಿ. ಹೀಟರ್ ಕೋರ್ ಬದಲಿಸಿದರೆ ಆ ಕಥೆ ಮುಗಿಯಿತು.

ಬರೀ ನೀರಾಗಿದ್ದು, ಒದ್ದೆ ಬಾಗಿಲ ಹೊಸ್ತಿಲ ಅಂಚಿನಿಂದ ಶುರುವಾಗಿದ್ದರೆ ಬಾಗಿಲ ಒಳಗಿನ ಹಾಳೆ ಹರಿದಿದೆ ಎಂದರ್ಥ. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಆ ಹಾಳೆ ಅದನ್ನು ಕೆಳಗಿನ ತೂತುಗಳತ್ತ ಕಳಿಸಬೇಕು. ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿದರೆ ಸಾಕು.

ಇವೆರಡೂ ಅಲ್ಲದಿದ್ದರೆ ಕೌಲ್ ಪರೀಕ್ಷೆ. ಮುಂಗಾಜಿನ ಬುಡದಲ್ಲಿ ಸೀಳುಸೀಳಾಗಿ ಗಾಳಿಕಂಡಿ ಕಾಣುತ್ತದಲ್ಲ, ಅದರಡಿ ಎರಡು ಪದರ ತಗಡಿನ ಒಂದು ತೊಟ್ಟಿ ಇದೆ. ತೊಟ್ಟಿಯ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಗಾಳಿ ಒಳಬರುವ ತೂತು, ಅವುಗಳ ಸುತ್ತ ಬಾವಿಕಟ್ಟೆಯಂತೆ ಎದ್ದ ಕಟ್ಟೆ. ಬಿದ್ದ ನೀರು ಕಟ್ಟೆ ದಾಟದೆ ಎರಡು ತುದಿಗೂ ಹರಿದು, ಮುಂದಿನ ಮಡ್‌ಗಾರ್ಡುಗಳ ಹಿಂದೆ ಕೆಳಗಿಳಿಯಬೇಕು. ಎಲೆ, ಮಣ್ಣು ಸೇರಿ ಅಲ್ಲಿ ಗೊಬ್ಬರವಾಗುತ್ತದೆ, ಆ ಒದ್ದೆ ಗೊಬ್ಬರ ಕಟ್ಟೆಯ ಬುಡವನ್ನೇ ತಿನ್ನುತ್ತದೆ.

ಕಾರ್ಪೆಟ್ ಮಡಚಿ, ಮುಂಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪು ಹಚ್ಚಿ. ಒಬ್ಬರು ಟಾರ್ಚು ಹಿಡಿದು ಡ್ಯಾಶ್ ಕೆಳಗೆ ಮಲಗಲಿ, ಇನ್ನೊಬ್ಬರು ಗಾಳಿಕಂಡಿಯ ಬಲತುದಿಗೆ ನಿಧಾನವಾಗಿ ನೀರು ಹಾಕಲಿ. ಆ ಬದಿ ಪೂರ್ತಿ ನೋಡಿದ ಮೇಲೆ ಎಡತುದಿ.

ಒಳಗೆ ಹನಿಯಿಲ್ಲ, ಹೊರಗೆ ಮಡ್‌ಗಾರ್ಡಿನ ಹಿಂದೆ ನೀರು ಧಾರಾಳವಾಗಿ ಬಂತು ಎಂದರೆ ಕೌಲ್ ಚೆನ್ನಾಗಿದೆ. ಆಗ ಹಾಳೆ ತೆಗೆದು ಗಾಜಿನ ರಬ್ಬರಿಗೆ ನೀರು ಹಾಕಿ ನೋಡಿ. ಒಳಗೂ ಇಲ್ಲ, ಹೊರಗೂ ಬರುತ್ತಿಲ್ಲ ಎಂದರೆ ದಾರಿ ಕಟ್ಟಿದೆ, ವ್ಯಾಕ್ಯೂಮ್ ಹಾಕಿ ಕಸ ಎಳೆದು ಮತ್ತೆ ನೋಡಿ. ಕಸ ಹೋದ ಮೇಲೆ ಸೋರಿಕೆ ಹೆಚ್ಚಿದರೆ ಗಾಬರಿ ಬೇಡ, ಅಲ್ಲಿಯ ತನಕ ತೂತು ಮುಚ್ಚಿದ್ದೇ ಆ ಕಸ. ಗಾಳಿತೂತಿನಿಂದ ಅಥವಾ ಹೀಟರ್ ಪೆಟ್ಟಿಗೆಯ ಮೇಲಿನಿಂದ ಹನಿ ಬಿದ್ದರೆ ಕಟ್ಟೆಯ ಬುಡ ಹೋಗಿದೆ.

ಎಪಾಕ್ಸಿ ಹಚ್ಚಿ ಮೇಲಿನಿಂದ ಕೂರಿಸುವ ಪ್ಲಾಸ್ಟಿಕ್ ಬಳೆಗಳು ಸಿಗುತ್ತವೆ. ಒಂದೆರಡು ಮಳೆಗಾಲ ತಳ್ಳುವುದಕ್ಕೆ ಸರಿ, ಆದರೆ ಕೆಳಗಿನ ತುಕ್ಕು ನಿಲ್ಲುವುದಿಲ್ಲ. ನಿಜವಾದ ದುರಸ್ತಿಗೆ ಬಾನೆಟ್, ಮಡ್‌ಗಾರ್ಡುಗಳು, ವೈಪರ್, ಮುಂಗಾಜು ತೆಗೆಯಬೇಕು. ಬಳಿಕ ಮೇಲಿನ ಪದರದ ನೂರಕ್ಕೂ ಹೆಚ್ಚು ಚುಕ್ಕೆ ಬೆಸುಗೆಗಳನ್ನು ಸ್ಪಾಟ್ ವೆಲ್ಡ್ ಕಟರ್‌ನಿಂದ ಕೊರೆಯಬೇಕು, ಮೇಲಿನ ಪದರ ಮಾತ್ರ ತೂತಾಗಬೇಕು, ಕೆಳಗಿನದು ಉಳಿಯಬೇಕು. ತಾಳ್ಮೆಯಿದ್ದವರು ಮನೆಯಲ್ಲೇ ಮಾಡಬಹುದು. ಗಾಜಿನ ಚೌಕಟ್ಟಿನ ಕೆಳಮೂಲೆಗಳೂ ಉದುರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಅನುಭವಿ ಟಿಂಕರಿಂಗ್‌ನವರನ್ನು ಕರೆಯಿರಿ. ಅಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಹೊಸ ಗಾಜು ಕೂರುವುದಿಲ್ಲ, ಕೂರಿಸಿದರೂ ಸೀಳುತ್ತದೆ.

ಕೌಲ್ ಸೋರುತ್ತಿರುವಾಗ ಹೊಸ ಫ್ಲೋರ್ ಹಾಕಿಸುವುದು ದುಡ್ಡನ್ನು ಅದೇ ನೀರಿಗೆ ಸುರಿದಂತೆ.

## ಕಾಲಿಟ್ಟರೆ ಫ್ಲೋರ್ ಮೆತ್ತಗೆ

ಕಾರ್ಪೆಟ್ ಎತ್ತಿದರೆ ಕಾಣುವ ಡಾಂಬರಿನಂಥ ಹಾಳೆ ಶಬ್ದ ತಡೆಯಲು ಕಾರ್ಖಾನೆಯಲ್ಲೇ ಹಾಕಿದ್ದು. ಅದು ಎಲ್ಲಿ ಉಬ್ಬಿದೆಯೋ ಅಲ್ಲಿ ಅಡಿಯಲ್ಲಿ ತುಕ್ಕು. ಡ್ರೈ ಐಸ್ ಹರಡಿ ಹತ್ತು ನಿಮಿಷ ಬಿಟ್ಟು ಸುತ್ತಿಗೆಯಿಂದ ತಟ್ಟಿದರೆ ಅದು ಗಾಜಿನಂತೆ ಒಡೆದು ಬರುತ್ತದೆ. ಬಾಗಿಲು, ಕಿಟಕಿ ತೆರೆದಿರಲಿ, ಡ್ರೈ ಐಸ್ ಆವಿಯಾದಾಗ ಬರುವ ಅನಿಲ ಮುಚ್ಚಿದ ಜಾಗದಲ್ಲಿ ಉಸಿರುಗಟ್ಟಿಸುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ.

ಈಗ ಅಂಗೈ ಅಗಲದ ಜಾಗಕ್ಕೊಂದರಂತೆ ಸುತ್ತಿಗೆಯಿಂದ ತಟ್ಟುತ್ತ ಬನ್ನಿ. ಠಣ್ ಎಂದರೆ ತಗಡು ಇದೆ. ದಬ್ ಎಂದರೆ ಪದರ ಬಿಟ್ಟಿದೆ, ಇಲ್ಲವೇ ಯಾರೋ ಹಳೆ ಫ್ಲೋರಿನ ಮೇಲೆ ಇನ್ನೊಂದು ತಗಡು ರಿವೆಟ್ ಮಾಡಿ ಟಾರು ಬಳಿದಿದ್ದಾರೆ. ಹೀಗೆ ಮೇಲೆ ಹೊದಿಸಿದ ತಗಡು ಎರಡು ಪದರದ ನಡುವೆ ನೀರು ಹಿಡಿದು ಕೆಳಗಿನ ರೈಲನ್ನೂ ಹಾಳು ಮಾಡುತ್ತದೆ. ದಬ್ ಎಂದಲ್ಲಿ ಸ್ಕ್ರೂಡ್ರೈವರ್ ಊರಿ ಕೈಯ ಬಲದಿಂದ ಒತ್ತಿ. ತೂರಿಹೋದರೆ ಆ ತಗಡು ಲೆಕ್ಕಕ್ಕಿಲ್ಲ.

ತೂತು ಒಂದು ನಾಣ್ಯದಷ್ಟಿದ್ದರೆ ತೇಪೆ ಸಾಕು. ಒಂದು ಬದಿಯ ಮೂರನೇ ಒಂದು ಭಾಗ ಜರಡಿಯಾಗಿದ್ದರೆ ತೇಪೆಯ ಮೇಲೆ ತೇಪೆ ಹಾಕುವ ಬದಲು ಆ ಬದಿಯ ಪೂರ್ತಿ ಫ್ಲೋರ್ ತಗಡು ತರಿಸಿ. ಈ ಕಾರಿಗೆ ಹೊಸ ಅಚ್ಚಿನ ತಗಡು ಎಲ್ಲ ಸಿಗುತ್ತದೆ, ಕೆಲಸವೂ ಬೇಗ ಆಗುತ್ತದೆ.

ತುಕ್ಕಿನ ಅಂಚಿನಿಂದ ಕನಿಷ್ಠ 25 ಮಿ.ಮೀ. ಆಚೆಗೆ, ಹೊಳೆಯುವ ತಗಡು ಸಿಗುವ ತನಕ ಕತ್ತರಿಸಿ. ತೇಪೆಗೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ತಗಡು. ಅಂಚು 15 ಮಿ.ಮೀ. ಒಂದರ ಮೇಲೊಂದು ಬರಲಿ. ಮೇಲಿನ ತಗಡಿಗೆ 8 ಮಿ.ಮೀ. ತೂತುಗಳನ್ನು 30–40 ಮಿ.ಮೀ. ಅಂತರದಲ್ಲಿ ಕೊರೆದು, ಆ ತೂತು ತುಂಬುವಂತೆ ಮಿಗ್ ವೆಲ್ಡ್ (ತಾನಾಗಿ ಬರುವ ತಂತಿ, ಗ್ಯಾಸಿನ ವಿದ್ಯುತ್ ಬೆಸುಗೆ) ಮಾಡಿ. ತಂತಿ 0.6 ಮಿ.ಮೀ., ಗ್ಯಾಸು 75 ಭಾಗ ಆರ್ಗಾನ್, 25 ಭಾಗ ಕಾರ್ಬನ್ ಡೈಆಕ್ಸೈಡ್. ಒಂದೇ ಕಡೆಯಿಂದ ಸಾಲಾಗಿ ಬೆಸೆಯುತ್ತ ಹೋದರೆ ತಗಡು ಕಾದು ಅಲೆಯಂತೆ ಏಳುತ್ತದೆ. ಒಂದು ಇಲ್ಲಿ, ಒಂದು ಆ ತುದಿಯಲ್ಲಿ, ಹೀಗೆ ಹಾರುತ್ತ ಬನ್ನಿ.

ಬೆಸುಗೆಗೆ ಮುಂಚೆ ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತಗಡು ಒರೆಸುವ ಚಾಳಿ ಅಪಾಯಕಾರಿ. ಅದರಲ್ಲಿ ಕ್ಲೋರಿನ್ ಇದ್ದರೆ ಬೆಸುಗೆಯ ಬೆಳಕಿಗೆ, ಬಿಸಿಗೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಬರೀ ಅಸಿಟೋನ್ ಬಳಸಿ, ಪೂರ್ತಿ ಆರಿದ ಮೇಲೆ ಬೆಸೆಯಿರಿ. ಫ್ಲೋರಿನ ಕೆಳಗೆ ಎಡಗಡೆ ಬ್ರೇಕ್ ಪೈಪು, ಬಲಗಡೆ ಪೆಟ್ರೋಲ್ ಪೈಪು ಎಂದು ನಂಬಿ ಕೂರಬೇಡಿ, ಹಳೆ ಮಾಲೀಕರು ಎಲ್ಲೆಲ್ಲೋ ತಿರುಗಿಸಿರುತ್ತಾರೆ. ಕೆಳಗಿನಿಂದ ಕಣ್ಣಾರೆ ನೋಡಿ ಬಿಚ್ಚಿಡಿ. ಬೆಸುಗೆ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ, ಹಳೆಯ ಟಾರು, ಸೀಟಿನ ಹತ್ತಿ ಹೊಗೆಯಾಡುತ್ತಿದ್ದು ತಡವಾಗಿ ಹತ್ತಿಕೊಳ್ಳುತ್ತವೆ.

## ಬಾಗಿಲು ಇಳಿದಿದೆ, ಎತ್ತಿ ಹಾಕಬೇಕು

ಬಾಗಿಲು ಅರ್ಧ ತೆರೆದು, ತುದಿ ಹಿಡಿದು ಮೇಲೆತ್ತಿ. ಕೀಲಿನಲ್ಲೇ ಕುಣಿತ ಕಂಡರೆ ಅದೃಷ್ಟ, ಹಿಂಜಿನ ಪಿನ್ನು, ಬುಶ್ ಸವೆದಿವೆ ಅಷ್ಟೆ. ಹಿಂಜು ಬಿಗಿಯಾಗಿದ್ದು, ಅದು ಕೂತ ಕಂಬವೇ ಅಲುಗಿದರೆ ಕಂಬದ ಬುಡ ಹೋಗಿದೆ.

ಎರಡೂ ಗಟ್ಟಿಯಾಗಿದ್ದರೆ ಮೈ ಬಾಗುತ್ತಿದೆಯೇ ನೋಡಬೇಕು. ಕಾರು ಸಮನೆಲದಲ್ಲಿರಲಿ. ಬಾಗಿಲು ಹಾಕಿ, ಹಿಂಬದಿಯ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆದು ಬರೆದುಕೊಳ್ಳಿ. ಬಳಿಕ ಆಕ್ಸೆಲ್ ಕೆಳಗೆ ಜ್ಯಾಕಿ ಕೊಟ್ಟು ಹಿಂದಿನ ಒಂದು ಚಕ್ರ ನೆಲ ಬಿಡುವಷ್ಟು ಎತ್ತಿ ಮತ್ತೆ ಅಳೆಯಿರಿ. ಗಟ್ಟಿ ಕಾರಿನಲ್ಲಿ ಕೂದಲೆಳೆ ವ್ಯತ್ಯಾಸ. 3 ಮಿ.ಮೀ. ದಾಟಿದರೆ, ಬಾಗಿಲು ಕಚ್ಚಿಕೊಂಡರೆ, ಹೊಸ್ತಿಲ ಪೆಟ್ಟಿಗೆ ಅಥವಾ ಅದನ್ನು ಮುಂದಿನ, ಹಿಂದಿನ ರೈಲಿಗೆ ಕಟ್ಟುವ ಟಾರ್ಕ್ ಬಾಕ್ಸು ಬಲ ಕಳೆದುಕೊಂಡಿದೆ. ಟಾಪ್ ಮಡಚುವ ಕನ್ವರ್ಟಿಬಲ್ ಕಾರಿಗೆ ಇದು ಇನ್ನೂ ಗಂಭೀರ. ತಲೆಯ ಮೇಲೆ ತಗಡಿಲ್ಲದ್ದರಿಂದ ಆ ಕಾರನ್ನು ನೇರವಾಗಿ ಹಿಡಿದಿರುವುದೇ ಹೊಸ್ತಿಲು, ಅದು ಹೋದರೆ ಕಾರು ನಡುವಿಗೆ ಜೋಲುತ್ತದೆ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು, ಹುಮ್ಮಸ್ಸಿನಲ್ಲಿ ತುಕ್ಕು ಹಿಡಿದದ್ದನ್ನೆಲ್ಲ ಒಟ್ಟಿಗೆ ಕತ್ತರಿಸಿ ತೆಗೆಯುವುದು. ಕತ್ತರಿಸಿದ ಕ್ಷಣವೇ ಮೈ ಜಗ್ಗುತ್ತದೆ, ಹೊಸ ತಗಡನ್ನು ಆ ಸೊಟ್ಟಕ್ಕೇ ಬೆಸೆದಂತಾಗುತ್ತದೆ, ಮತ್ತೆ ಯಾವ ಬಾಗಿಲೂ ಸರಿಯಾಗಿ ಕೂರುವುದಿಲ್ಲ. ಬಾಗಿಲ ಸಂದು ಸರಿಯಿರುವಂತೆ ಮೊದಲು ಕಾರನ್ನು ಆಧಾರ ಕೊಟ್ಟು ಹೊಂದಿಸಿ. 25 ಮಿ.ಮೀ. ಚೌಕದ ಕಬ್ಬಿಣದ ಟ್ಯೂಬನ್ನು ಹಿಂಜಿನ ಕಂಬದಿಂದ ಲಾಕಿನ ಕಂಬಕ್ಕೆ ಎರಡು ಸಾಲು, ಎಡಗಂಬದಿಂದ ಬಲಗಂಬಕ್ಕೆ ಅಡ್ಡ ಒಂದು ಸಾಲು ಬೆಸೆಯಿರಿ. ಆಮೇಲೆ ಒಂದು ಬದಿ ಮುಗಿಸಿಯೇ ಇನ್ನೊಂದು ಬದಿ ಮುಟ್ಟಿ. ಹೊಸ ಹೊಸ್ತಿಲನ್ನು ಮೊದಲು ಸ್ಕ್ರೂ, ಕ್ಲಾಂಪಿನಲ್ಲಿ ನಿಲ್ಲಿಸಿ, ಬಾಗಿಲು ತೂಗುಹಾಕಿ, ಮುಚ್ಚಿ ನೋಡಿ, ಸಂದು 5 ಮಿ.ಮೀ. ಆಸುಪಾಸು ಸಮನಾಗಿ ಬಂದ ಮೇಲೆಯೇ ಬೆಸುಗೆ.

## ಕಾರು ಒಂದು ಕಡೆ ವಾಲಿದೆ, ಹಳ್ಳ ಬಂದರೆ ಹಿಂದೆ ದಡ್ ಎನ್ನುತ್ತದೆ

ಟೈರಿನ ಗಾಳಿ ಮೊದಲು, ಆಮೇಲೆ ಲೀಫ್ ಸ್ಪ್ರಿಂಗಿನ ಬುಶ್. ಇವು ಸರಿಯಿದ್ದರೆ ಸ್ಪ್ರಿಂಗಿನ ಮುಂದಿನ ಕಣ್ಣು ಕೂತ ಜಾಗ ನೋಡಿ. ಅಲ್ಲಿ ಪದರಪದರವಾಗಿ ತುಕ್ಕು ಉದುರುತ್ತಿದ್ದರೆ, ಬೋಲ್ಟಿನ ಸುತ್ತ ಹೊಳೆಯುವ ಗೆರೆ ಕಂಡರೆ ಆಕ್ಸೆಲ್ ಕಿತ್ತುಬರುವ ಸಾಧ್ಯತೆಯಿದೆ. ಕಾರು ಓಡಿಸುವುದನ್ನು ಆ ದಿನವೇ ನಿಲ್ಲಿಸಿ, ಟೋ ಮಾಡಿಸಿ. ಆಕ್ಸೆಲ್ಲಿನ ಮೇಲೆ ರೈಲ್ ಕಮಾನಾಗಿ ಏರುವ ಜಾಗವೂ ಕೆಸರು ಕೂತು ಕೊಳೆಯುವಂಥದು. ಕೈಯಿಟ್ಟು ತಡವಿ, ಕಣ್ಣಿಗೆ ಅದು ಬೀಳುವುದಿಲ್ಲ.

ಮುಂದಿನ ಬಲಮೂಲೆಯಲ್ಲಿ ಬ್ಯಾಟರಿ ಕೂರುತ್ತದೆ, ಅದರ ಆಸಿಡ್ ತಟ್ಟೆ, ಪಕ್ಕದ ಏಪ್ರನ್ (ಎಂಜಿನ್ನಿಗೂ ಮುಂದಿನ ಚಕ್ರಕ್ಕೂ ನಡುವಿನ ತಗಡಿನ ಗೋಡೆ), ಕೆಳಗಿನ ರೈಲ್ ಮೂರನ್ನೂ ತಿಂದಿರುತ್ತದೆ. ಏಪ್ರನ್ ಹೋದರೆ ಎಂಜಿನ್ ಪಕ್ಕದ, ಮುಂದಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಕೂರುವ ಶಾಕ್ ಟವರುಗಳು ಒಳಕ್ಕೆ ವಾಲತೊಡಗುತ್ತವೆ. ಎರಡು ಸುಲಭದ ಸುಳಿವು: 1965, 66ರ ಕಾರಿನಲ್ಲಿ ಮೇಲಿನ ಕಂಟ್ರೋಲ್ ಆರ್ಮ್ ಹಿಂದೆ ಶಿಮ್ ಎಂಬ ತೆಳು ತಗಡಿನ ಬಿಲ್ಲೆಗಳ ದಪ್ಪ ಕಂತೆ ಇದ್ದರೆ, ವಾಲಿದ ಟವರಿಗೆ ಅಲೈನ್‌ಮೆಂಟಿನವರು ಕೊಟ್ಟ ಮದ್ದು ಅದು. ಎಕ್ಸ್‌ಪೋರ್ಟ್ ಬ್ರೇಸ್ ಎಂಬ ಆಧಾರಪಟ್ಟಿಯ ತೂತುಗಳು ಟವರಿನ ತೂತುಗಳಿಗೆ ಹೊಂದದಿದ್ದರೂ ಅದೇ ಅರ್ಥ.

ಮೈ ಸೊಟ್ಟಗಿದೆಯೇ ಎಂದು ನೋಡಲು ತೂಕದ ಗುಂಡು ಸಾಕು. ಮುಂದೆ, ಹಿಂದೆ, ಎರಡೂ ಬದಿಯಲ್ಲಿ ಒಂದಕ್ಕೊಂದು ಸರಿಜೋಡಿಯಾದ ಬೋಲ್ಟಿನ ತೂತುಗಳಿಂದ ಗುಂಡು ಇಳಿಬಿಟ್ಟು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಕಾರು ಸರಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ನೆಮ್ಮದಿ. 6 ಮಿ.ಮೀ. ದಾಟಿದರೆ ಫ್ರೇಮ್ ಎಳೆಯುವ ಬೆಂಚಿರುವ ವರ್ಕ್‌ಶಾಪಿಗೇ ಹೋಗಬೇಕು.

## ಬ್ರೇಕ್ ಆಯಿಲ್ ಇಳಿಯುತ್ತಿದೆ

ಇದಕ್ಕೆ ಕಾಯುವುದು ಬೇಡ. 1966ರವರೆಗಿನ ಮಸ್ಟಾಂಗಿಗೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪುಗಳಿಗೆ ತಳ್ಳುವ ಭಾಗ) ಒಂದೇ ಕೋಣೆಯದು. ಒಂದು ಪೈಪು ತುಕ್ಕಿಗೆ ತೂತಾದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಎರಡು ಕೋಣೆಯದು ಬಂದದ್ದು 1967ರಲ್ಲಿ. ಪೈಪಿನ ಮೇಲೆ ಬೆರಳಾಡಿಸಿದಾಗ ಗಂಟುಗಂಟಾಗಿ ಸಿಕ್ಕರೆ ಆ ತುಂಡೊಂದನ್ನೇ ಬದಲಿಸಬೇಡಿ, ಎಲ್ಲ ಪೈಪುಗಳನ್ನೂ ಹೊಸದು ಮಾಡಿ. ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪು ತುಕ್ಕು ಹಿಡಿಯುವುದಿಲ್ಲ, ಬಾಗಿಸಲೂ ಸುಲಭ. ತುದಿಗೆ ಡಬಲ್ ಫ್ಲೇರ್, ಅಂದರೆ ಎರಡು ಪದರವಾಗಿ ಮಡಚಿ ಅಗಲಿಸಿದ ಬಾಯಿ, ಕಡ್ಡಾಯ. ಹಳೆಯ ಕಾರಿಗೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಕೂರಿಸುವುದು ಮೂಲರೂಪ ಕೆಡಿಸಿದಂತಾಯಿತು ಎನ್ನುವವರಿದ್ದಾರೆ. ರಸ್ತೆಯಲ್ಲಿ ಓಡಿಸುವ ಕಾರಾದರೆ ಆ ಮಾತು ಕೇಳಬೇಡಿ.

## ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ, ತಳದಲ್ಲಿ ನೀರು

ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ನೆತ್ತಿಯೇ ಡಿಕ್ಕಿಯ ತಳ. ಭಾರದ ಸಾಮಾನು ಎಸೆದರೆ, ಡ್ರಿಲ್ ಹಾಕಿದರೆ ನೇರ ಟ್ಯಾಂಕಿಗೇ ಪೆಟ್ಟು. ವಾಸನೆ ಬಂದರೆ ಮೊದಲು ಫಿಲ್ಲರ್ ಕೊಳವೆಯ ರಬ್ಬರ್ ಹೋಸು, ಕ್ಲಾಂಪು ನೋಡಿ. ಬಹಳ ಸಲ ಅಷ್ಟೇ. ಕಾರು ಹತ್ತು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಶುರುವಾಗುತ್ತಿದ್ದರೆ ಟ್ಯಾಂಕಿನೊಳಗಿನ ತುಕ್ಕು ಫಿಲ್ಟರ್ ಕಟ್ಟುತ್ತಿರಬಹುದು. ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಗೆ ಸುರಿದರೆ ಕೆಂಪು ಪುಡಿ ಕಾಣುತ್ತದೆ. ಆಗ ಹೊಸ ಟ್ಯಾಂಕ್ ತರಿಸಿ. ಹಳೆಯದನ್ನು ಬೆಸೆಯುವ ಯೋಚನೆ ಬೇಡ, ತಿಂಗಳುಗಟ್ಟಲೆ ಖಾಲಿ ಬಿದ್ದ ಟ್ಯಾಂಕಿನ ಆವಿಯೂ ಸ್ಫೋಟಿಸುತ್ತದೆ. ಹಿಂಭಾಗದಲ್ಲಿ ಗ್ರೈಂಡರ್, ವೆಲ್ಡಿಂಗ್ ಏನೇ ಮಾಡುವುದಿದ್ದರೂ ಟ್ಯಾಂಕ್ ಇಳಿಸಿ ಹೊರಗೆ ದೂರ ಇಟ್ಟ ಮೇಲೆಯೇ.

ನೀರಿನ ದಾರಿ ಹಿಡಿಯಲು ಡಿಕ್ಕಿ ಒರೆಸಿ, ಸಂದುಸಂದಿಗೆ ಸೀಮೆಸುಣ್ಣದ ಪುಡಿ ಉದುರಿಸಿ, ಮುಚ್ಚಿ, ಹೊರಗಿನಿಂದ ನೀರು ಹಾಕಿ. ಪುಡಿಯ ಮೇಲೆ ನೀರು ಗೆರೆ ಬರೆದಿರುತ್ತದೆ, ಅದನ್ನು ಹಿಂಬಾಲಿಸಿದರೆ ಟೇಲ್ ಲ್ಯಾಂಪಿನ ಗ್ಯಾಸ್ಕೆಟ್, ಡಿಕ್ಕಿಯ ರಬ್ಬರ್ ಅಥವಾ ಹಿಂಗಾಜಿನ ಕೆಳಮೂಲೆ ಸಿಗುತ್ತದೆ.

## ಬಣ್ಣ ಗುಳ್ಳೆ ಎದ್ದಿದೆ

ಕಲ್ಲು ಬಡಿದ ಜಾಗದ ಗುಳ್ಳೆ ಮೇಲಿನದು. ಬಾಗಿಲ ತಳ, ಮುಂದಿನ ಮಡ್‌ಗಾರ್ಡಿನ ಹಿಂದಿನ ಕೆಳಮೂಲೆ, ಹಿಂಚಕ್ರದ ಸುತ್ತಿನ ಅಂಚು, ಇಲ್ಲಿಯ ಗುಳ್ಳೆ ಒಳಗಿನಿಂದ ಬಂದದ್ದು. ಉಜ್ಜಿದಾಗ ಸೂಜಿತೂತುಗಳು ಕಂಡರೆ ಹಿಂದೆ ತಗಡೇ ಇಲ್ಲ.

ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ ಮೈಮೇಲೆ ಸರಿಸಿ. ಜಾರಿ ಬಿದ್ದಲ್ಲಿ ಪುಟ್ಟಿ ದಪ್ಪಗಿದೆ. 3 ಮಿ.ಮೀ.ಗಿಂತ ದಪ್ಪದ ಪುಟ್ಟಿ ತೇವ ಹೀರಿ ಸೀಳುತ್ತದೆ. ಚಾವಣಿ ಹಿಂಬದಿಯ ತಗಡಿಗೆ ಸೇರುವ ಜೋಡಣೆಯಲ್ಲಿ ಕಾರ್ಖಾನೆಯವರೇ ಸೀಸ ತುಂಬಿದ್ದಾರೆ, ಅಲ್ಲಿ ಮ್ಯಾಗ್ನೆಟ್ ಬಿದ್ದರೆ ದೋಷವಲ್ಲ. ಆ ಸೀಸವನ್ನು ಗ್ರೈಂಡರಿನಿಂದ ಉಜ್ಜಬೇಡಿ, ಧೂಳು ವಿಷ. ಹಳೆಯ ಬಣ್ಣದಲ್ಲೂ ಸೀಸ ಇರುವುದುಂಟು, ಆದ್ದರಿಂದ ನೀರು ಹಾಕಿ ಉಜ್ಜಿ, ಸರಿಯಾದ ಫಿಲ್ಟರಿನ ಮಾಸ್ಕ್ ಹಾಕಿಕೊಳ್ಳಿ. ಹೊಳೆಮರಳಿನಲ್ಲಿ ಬ್ಲಾಸ್ಟಿಂಗ್ ಮಾಡಿಸುವುದು ಶ್ವಾಸಕೋಶಕ್ಕೆ ಮಾರಕ, ಬಾನೆಟ್, ಚಾವಣಿಯಂಥ ಅಗಲ ತಗಡೂ ಅದರ ಹೊಡೆತಕ್ಕೆ ಉಬ್ಬಿಹೋಗುತ್ತದೆ.

ಬ್ರಾಕೆಟ್, ಹಿಂಜಿನಂಥ ಸಣ್ಣ ಭಾಗಗಳಿಗೆ ಕಾಕಂಬಿ ಸ್ನಾನ ಒಳ್ಳೆಯದು: ಒಂದು ಭಾಗ ಕಾಕಂಬಿಗೆ ಒಂಬತ್ತು ಭಾಗ ನೀರು, ಎರಡರಿಂದ ಮೂರು ವಾರ. ವಾಸನೆ ತಡೆದುಕೊಳ್ಳಬೇಕು, ಆದರೆ ಒಳ್ಳೆಯ ಕಬ್ಬಿಣವನ್ನು ತಿನ್ನದೆ ತುಕ್ಕನ್ನಷ್ಟೇ ಕರಗಿಸುತ್ತದೆ. ಬ್ಯಾಟರಿ ಚಾರ್ಜರಿನಿಂದ ವಾಷಿಂಗ್ ಸೋಡಾ ನೀರಿನಲ್ಲಿ ವಿದ್ಯುತ್ ಹರಿಸುವ ವಿಧಾನವೂ ಇದೆ. ಅದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ತುಂಡು ಬಳಸಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಿ.

## ಹೆಡ್‌ಲೈಟ್ ಮಂಕು

ತುಕ್ಕು ಅರ್ಥಿಂಗನ್ನೂ ತಿನ್ನುತ್ತದೆ. ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ತಂತಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಲ್ಯಾಂಪಿನ ಅರ್ಥ್ ಸ್ಕ್ರೂಗೆ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಆ ಜಾಗ ಬಿಚ್ಚಿ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿ ಮಾಡಿ.

## ಕೆಲಸ ಶುರು ಮಾಡಬೇಕೇ, ಕೈಬಿಡಬೇಕೇ

ಕೌಲ್, ಟಾರ್ಕ್ ಬಾಕ್ಸ್, ಮುಂದಿನ ಎರಡೂ ರೈಲ್ ಹೋದ ಕಾರು ಮನೆಯ ಶೆಡ್ಡಿನ ಕೆಲಸವಲ್ಲ. ಆಗ ಗಾಡಿಯ ನಂಬರ್ ಓದಿ. ಈ ವರ್ಷಗಳ ಗುರುತಿನ ಸಂಖ್ಯೆಯಲ್ಲಿ ಮೊದಲ ಅಂಕೆ ವರ್ಷ, ಐದನೆಯದು ಎಂಜಿನ್. ಅಲ್ಲಿ ಕೆ ಅಕ್ಷರವಿದ್ದರೆ 289 ಕ್ಯೂಬಿಕ್ ಇಂಚಿನ ಹೆಚ್ಚು ಶಕ್ತಿಯ ಎಂಜಿನ್ನಿನೊಂದಿಗೆ ಹುಟ್ಟಿದ ಅಪರೂಪದ ಕಾರು, ಎಷ್ಟು ಕೊಳೆತಿದ್ದರೂ ಉಳಿಸುವುದು ನ್ಯಾಯ. ಸಾಮಾನ್ಯ ಆರು ಸಿಲಿಂಡರಿನ ಹಾರ್ಡ್‌ಟಾಪ್ ಆದರೆ ಇನ್ನೊಂದು ಗಟ್ಟಿ ಮೈಯ ಕಾರು ಕೊಂಡು ಇದರ ಭಾಗಗಳನ್ನು ಅದಕ್ಕೆ ಕೊಡುವುದೇ ಅಗ್ಗ.

ಈ ಸಂಖ್ಯೆಯನ್ನು ಎಡಗಡೆ ಮಡ್‌ಗಾರ್ಡಿನೊಳಗಿನ ಏಪ್ರನ್ ತಗಡಿಗೇ ಒತ್ತಿದ್ದಾರೆ. ಆ ಭಾಗ ಕತ್ತರಿಸಬೇಕಾಗಿ ಬಂದರೆ ಮೊದಲು ನಿಮ್ಮ ರಾಜ್ಯದ ನೋಂದಣಿ ಕಚೇರಿಯಲ್ಲಿ ವಿಚಾರಿಸಿ, ಮುಂಚೆ, ನಂತರ ಫೋಟೋ ತೆಗೆದಿಡಿ. ಸಂಖ್ಯೆ ತೆಗೆಯುವುದು, ತಿದ್ದುವುದು ಅಮೆರಿಕದಲ್ಲಿ ಅಪರಾಧ.

## ದುರಸ್ತಿ ಮಾಡಿದ ಜಾಗದಲ್ಲೇ ಮತ್ತೆ ತುಕ್ಕು

ಹೊಸ ತಗಡಿನ ಹೊರಮೈಗೆ ಮೂರು ಕೋಟ್ ಬಣ್ಣ, ಒಳಮೈಗೆ ಏನೂ ಇಲ್ಲ: ಕಾರಣ ಸಾಮಾನ್ಯವಾಗಿ ಇದೇ. ಬೆಸುಗೆಯ ಬಿಸಿಗೆ ಪೆಟ್ಟಿಗೆಯೊಳಗಿನ ಪ್ರೈಮರ್ ಸುಟ್ಟಿರುತ್ತದೆ. ಇನ್ನೊಂದು ಕಾರಣ, ಸಾಧಾರಣ ಪ್ರೈಮರ್ ಬಳಿದ ಕಾರನ್ನು ತಿಂಗಳುಗಟ್ಟಲೆ ಹಾಗೇ ನಿಲ್ಲಿಸುವುದು. ಅದು ತೇವ ಹೀರುತ್ತದೆ, ಎಪಾಕ್ಸಿ ಪ್ರೈಮರ್ ಹೀರುವುದಿಲ್ಲ. ಹಾಗಾಗಿ ಬರಿ ತಗಡಿಗೆ ಮೊದಲು ಎಪಾಕ್ಸಿ, ಆಮೇಲೆ ಪ್ರತಿ ಜೋಡಣೆಗೆ ಸಂದು ಮುಚ್ಚುವ ಸೀಮ್ ಸೀಲರ್, ಬಣ್ಣ ಮುಗಿದ ಮೇಲೆ ಹೊಸ್ತಿಲು, ರೈಲ್, ಬಾಗಿಲ ತಳದೊಳಗೆ ಉದ್ದ ಕೊಳವೆ ತೂರಿಸಿ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ, ಸಿಂಪಡಿಸಿ. ವ್ಯಾಕ್ಸ್ ಬೆಸುಗೆಗೆ ಮುಂಚೆ ಹಾಕಿದರೆ ಹೊತ್ತಿಕೊಳ್ಳುತ್ತದೆ. ಒಂದು ದಿನ ಬಿಟ್ಟು, ನೀರಿಳಿಯುವ ಪ್ರತಿ ತೂತಿಗೂ ತಂತಿ ತೂರಿಸಿ, ವ್ಯಾಕ್ಸ್ ಕಟ್ಟಿಕೊಂಡದ್ದನ್ನು ಬಿಡಿಸಿ, ಒಂದು ಲೋಟ ನೀರು ಹಾಕಿ ಕೆಳಗೆ ಬರುವುದನ್ನು ನೋಡಿ.